ಹನ್ನೊಂದು ಕಡ್ಡಿ: ಬೆಟಗೇರಿಯ ತಾಯಿಯೊಬ್ಬರ ಬಿಗಿದ ಬಾಯಿ, ಮನೆಯಲ್ಲೇ ಮಾಡಿದ ವ್ಯಾಯಾಮ

ಕುರ್ಚಿಯ ಮೇಲೆ ಕೂಡ್ರುವ ಮೊದಲೇ ಆಕೆ ಹೇಳಿದ ಮಾತು: “ಮೇಡಂರ, ನಾ ಗುಟ್ಕಾ ತಿನ್ನಂಗಿಲ್ರಿ. ಮೊದ್ಲ ಹೇಳಿಬಿಡ್ತೀನಿ.”

ನಾನಿನ್ನೂ ಏನನ್ನೂ ಕೇಳಿರಲಿಲ್ಲ. ಆದರೆ ಹಿಂದಿನ ಎರಡು ವರ್ಷಗಳಲ್ಲಿ ಆಕೆಯ ಬಾಯಿ ನೋಡಿದವರೆಲ್ಲ ಮೊದಲು ಕೇಳಿದ್ದು ಅದನ್ನೇ. ನಮ್ಮ ಭಾಗದಲ್ಲಿ ಬಾಯಿ ತೆರೆಯಲಾಗದೆ ಬರುವವರಲ್ಲಿ ಹೆಚ್ಚಿನವರು ಅಡಿಕೆ, ಗುಟ್ಕಾ ಜಗಿದು ಬಾಯೊಳಗಿನ ಪದರ ಗಟ್ಟಿಯಾದವರು. ಹಾಗಾಗಿ ಕೇಳುವುದು ತಪ್ಪಲ್ಲ. ಇಲ್ಲ ಎಂದ ಮೇಲೂ ನಂಬದೇ ಇರುವುದು ತಪ್ಪು. ಒಂದು ಹಲ್ಲಿನ ದವಾಖಾನೆಯಲ್ಲಿ ಆಕೆಯ ಬಾಯಿಗೆ ಸಲಕರಣೆ ಇಟ್ಟು ಬಲವಂತವಾಗಿ ಅಗಲಿಸಲು ಹೋಗಿ ತುಟಿಯ ಮೂಲೆ ಹರಿದಿತ್ತು. “ಮೊದ್ಲು ಚಟ ಬಿಟ್ಟು ಬಾ” ಎಂದು ಕಳಿಸಿದ್ದರು. ಆ ಮಾತು ಮನೆಗೂ ತಲುಪಿ, ಸೊಸೆ ಕದ್ದು ಗುಟ್ಕಾ ತಿನ್ನುತ್ತಾಳೆಂದು ಅತ್ತೆ ಆಕೆಯ ಸೀರೆಯ ಗಂಟು ಬಿಚ್ಚಿ ನೋಡಿದ್ದರಂತೆ.

ನಾನು ಹುಬ್ಬಳ್ಳಿಯಲ್ಲಿ ಫಿಜಿಯೋಥೆರಪಿ ಮಾಡುವವಳು. ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ; ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕಾರಣವಿದೆ. ಸಿಸ್ಟಮಿಕ್ ಸ್ಕ್ಲೆರೋಸಿಸ್ (ಚರ್ಮ ಬಿಗಿದು ಗಟ್ಟಿಯಾಗುವ, ಒಳಗಿನ ಅಂಗಗಳಿಗೂ ತಾಗುವ ರೋಗ) ಇರುವವರ ಬಾಯಿ ಬಿಗಿಯುವುದನ್ನು ನಾವು ಸಣ್ಣ ತೊಂದರೆ ಎಂದು ಪಕ್ಕಕ್ಕೆ ಇಡುತ್ತೇವೆ. ಪುಪ್ಪುಸ, ಕಿಡ್ನಿ, ಹೃದಯದ ಮುಂದೆ ಅದು ಸಣ್ಣದೇ ಇರಬಹುದು. ರೊಟ್ಟಿ ಚೂರು ಮಾಡಿ ಸಾರಿನಲ್ಲಿ ನೆನೆಹಾಕಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಉಣ್ಣುವವರಿಗೆ ಅದು ಸಣ್ಣದಲ್ಲ.

ಆಕೆಗೆ 44 ವರ್ಷ. ಗದಗ-ಬೆಟಗೇರಿಯ ನೇಕಾರರ ಮನೆ. ಗಂಡ ಕುಣಿಮಗ್ಗದಲ್ಲಿ ನೇಯುತ್ತಾರೆ, ಈಕೆ ರಾಟಿಯಲ್ಲಿ ಕಂಡಿಕೆ ಸುತ್ತುತ್ತಾರೆ. ಮಗ ಹತ್ತನೇ ಇಯತ್ತೆ, ಮಗಳು ಆರನೆಯದು. ಐದು ವರ್ಷದ ಹಿಂದೆ ಚಳಿಗಾಲದಲ್ಲಿ, ಬೆಳಗಿನ ತಣ್ಣೀರಿಗೆ ಕೈ ಹಾಕಿದಾಗ ಬೆರಳುಗಳು ಸುಣ್ಣ ಬಳಿದಂತೆ ಬಿಳಚಿಕೊಂಡವು. ಆಮೇಲೆ ನೀಲಿ, ಆಮೇಲೆ ಕೆಂಪು. ಇದನ್ನು ರೇನೋ ವಿದ್ಯಮಾನ ಎನ್ನುತ್ತಾರೆ. ಈ ರೋಗದಲ್ಲಿ ಬಹುತೇಕರಿಗೆ ಮೊದಲು ಕಾಣುವ ಚಿಹ್ನೆ ಇದೇ. ಆಕೆ ಬಣ್ಣದ ನೂಲಿನ ದೋಷ ಎಂದುಕೊಂಡರು. ಮರುವರ್ಷ ಬೆರಳು ಬಾತು ಉಂಗುರ ಕತ್ತರಿಸಬೇಕಾಯಿತು. ಬಾತದ್ದು ಇಳಿಯಿತು, ಚರ್ಮ ಮಾತ್ರ ಬೆರಳಿಗೆ ಅಂಟಿಕೊಂಡಂತೆ ಬಿಗಿಯಿತು. ಎರಡು ವರ್ಷದಿಂದ ಬಾಯಿ ಸಣ್ಣದಾಗುತ್ತ ಬಂತು.

ಹುಬ್ಬಳ್ಳಿಯ ಸಂಧಿವಾತ ತಜ್ಞರು ಎರಡೂ ಕೈಗಳನ್ನು ಮುಟ್ಟಿ ನೋಡಿಯೇ ರೋಗ ಹೇಳಿದ್ದರು. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಎರಡೂ ಕೈಯ ಬೆರಳುಗಳ ಚರ್ಮ ದಪ್ಪಗಾಗಿ, ಅದು ಅಂಗೈ ಸೇರುವ ಗೆಣ್ಣು ದಾಟಿದ್ದರೆ ಅಷ್ಟೇ ಸಾಕು. ಅದಕ್ಕೇ 9 ಅಂಕ, ರೋಗವೆಂದು ಗುರುತಿಸಲು ಬೇಕಾದದ್ದೂ 9. ರಕ್ತದಲ್ಲಿ ಈ ರೋಗದಲ್ಲಿ ಕಾಣುವ ಎಸ್‌ಸಿಎಲ್-70 ಪ್ರತಿಕಾಯ ಇತ್ತು. ಪುಪ್ಪುಸದ ಸ್ಕ್ಯಾನ್‌ನಲ್ಲಿ ಆರಂಭದ ಸಣ್ಣ ಬದಲಾವಣೆ. ಮೈಯ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೈಕೋಫಿನೋಲೇಟ್, ರಕ್ತನಾಳ ಹಿಗ್ಗಿಸುವ ನಿಫೆಡಿಪಿನ್ ಔಷಧಗಳು ನಡೆದಿದ್ದವು. ನನ್ನ ಬಳಿ ಬಂದ ಚೀಟಿಯಲ್ಲಿ “ಕೈಬೆರಳ ಬಿಗಿತಕ್ಕೆ ವ್ಯಾಯಾಮ” ಎಂದಷ್ಟೇ ಬರೆದಿತ್ತು. ಬಾಯಿಯ ಮಾತು ಎತ್ತಿದ್ದು ಆಕೆಯೇ.

ಮುಖ ನೋಡಿದೆ. ಹಣೆಯಲ್ಲಿ ಸುಕ್ಕು ಮಾಯವಾಗಿ ಚರ್ಮ ಹೊಳೆಯುತ್ತಿತ್ತು. ಮೂಗು ಚೂಪಾಗಿತ್ತು. ತುಟಿ ತೆಳುವಾಗಿ, ಸುತ್ತಲೂ ಚೀಲದ ಬಾಯಿಗೆ ದಾರ ಎಳೆದಂತೆ ನೆಟ್ಟಗಿನ ಗೆರೆಗಳು. ಗಲ್ಲದ ಮೇಲೆ ಒಂದೆರಡು ಕೆಂಪು ಚುಕ್ಕೆ. ಕೈಗವಸು ಹಾಕಿ ಗಲ್ಲದ ಒಳಗೆ ಬೆರಳಾಡಿಸಿದರೆ ಪದರ ಮೆತ್ತಗೆ, ಗುಲಾಬಿ ಬಣ್ಣ. ಗುಟ್ಕಾದಿಂದ ಬಿಗಿದ ಬಾಯಾಗಿದ್ದರೆ ಒಳಗೆ ಬಿಳಚಿದ ಪದರ, ತಂತಿಯಂತೆ ಕೈಗೆ ಸಿಗುವ ಪಟ್ಟಿಗಳು, ಖಾರ ತಾಗಿದರೆ ಉರಿ ಇರಬೇಕಿತ್ತು. ಇಲ್ಲಿ ಬಿಗಿತ ಇದ್ದದ್ದು ಹೊರಗಿನ ಚರ್ಮದಲ್ಲಿ. ಆ ಹಲ್ಲಿನ ದವಾಖಾನೆಯಲ್ಲಿ ಯಾರಾದರೂ ಒಮ್ಮೆ ಆಕೆಯ ಕೈ ಹಿಡಿದು ನೋಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಇದನ್ನು ಓದುವ ದಂತವೈದ್ಯ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೇ: ಬಾಯಿ ತೆರೆಯದ ಹೆಣ್ಣುಮಗಳು ಬಂದರೆ ಬೆರಳುಗಳನ್ನೂ ನೋಡಿ, ಚಳಿಗೆ ಬಿಳಚಿಕೊಳ್ಳುತ್ತವೆಯೇ ಕೇಳಿ.

ಅಳತೆ: ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ಅಂಚಿನ ನಡುವೆ 24 ಮಿ.ಮೀ. ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಂಡೆ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ ಇದು 40 ಮಿ.ಮೀ.ಗಿಂತ ಹೆಚ್ಚು. ಮೂರು ಬೆರಳು ಒಟ್ಟಿಗೆ ಬಾಯಿಗೆ ಹೋಗುತ್ತವೆಯೇ ಎಂದು ನೋಡುವ ರೂಢಿ ನಮ್ಮಲ್ಲಿದೆ. ಈ ರೋಗದಲ್ಲಿ ಅದನ್ನು ನಂಬಬಾರದು. ಅಳೆಯುವ ಬೆರಳುಗಳೇ ಬಾಗಿ ಸಣಕಲಾಗಿರುತ್ತವೆ. ಬಾಯಿಯ ತೊಂದರೆಯನ್ನೇ ಅಳೆಯಲು 2007ರಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ಪ್ರಶ್ನಾವಳಿ ಇದೆ: 12 ಪ್ರಶ್ನೆ, ಒಟ್ಟು 48 ಅಂಕ, ಅಂಕ ಹೆಚ್ಚಿದಷ್ಟು ತೊಂದರೆ ಹೆಚ್ಚು. ಬಾಯಿ ತೆರೆಯುವುದು, ಬಾಯಿ ಒಣಗುವುದು, ಮುಖದ ಬಗ್ಗೆ ಮನಸ್ಸಿನಲ್ಲಿರುವ ಕೊರಗು, ಮೂರೂ ಅದರಲ್ಲಿವೆ. ನಾನೇ ನಮ್ಮ ಮಾತಿನಲ್ಲಿ ಬಿಡಿಸಿ ಕೇಳಿದ್ದರಿಂದ ಆಕೆಯ 31 ಅಂಕವನ್ನು ಒರಟು ಅಂದಾಜು ಎಂದೇ ತಿಳಿಯಬೇಕು.

ನಾನು ಮಾಡಿದ ತಪ್ಪು

ಮನೆಯಲ್ಲಿ ಮಾಡುವ ಮುಖದ ವ್ಯಾಯಾಮಕ್ಕೆ ಆಧಾರವಿದೆ. 2003ರಲ್ಲಿ ಇಟಲಿಯ ವೈದ್ಯರು ಹತ್ತು ರೋಗಿಗಳಿಗೆ 18 ವಾರ ಬಾಯಿ ಹಿಗ್ಗಿಸುವ ವ್ಯಾಯಾಮ ಮಾಡಿಸಿದಾಗ ಬಾಯಿ ಸರಾಸರಿ 10 ಮಿ.ಮೀ.ಗಿಂತ ತುಸು ಹೆಚ್ಚೇ ತೆರೆದಿತ್ತು. ಎರಡು ಮುಖ್ಯ ಭಾಗ: ಹೆಬ್ಬೆರಳುಗಳಿಂದ ತುಟಿಯ ಮೂಲೆಗಳನ್ನು ಹೊರಕ್ಕೆ ಎಳೆಯುವುದು, ಪಕ್ಕದ ಹಲ್ಲುಗಳ ನಡುವೆ ಮರದ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಇಡುವುದು. ಇದನ್ನೆಲ್ಲ ಓದಿಕೊಂಡಿದ್ದ ನಾನು ಒಂಬತ್ತು ವ್ಯಾಯಾಮಗಳ ಚಿತ್ರವಿರುವ ಹಾಳೆ ಕೊಟ್ಟೆ. ಕನ್ನಡಿಯ ಮುಂದೆ, ದಿನಕ್ಕೆ ಎರಡು ಸಲ, ಹದಿನೈದು ನಿಮಿಷ ಎಂದೆ. ಮೂರು ವಾರ ಬಿಟ್ಟು ಬರಲು ಹೇಳಿದೆ.

ಮೂರು ವಾರದ ನಂತರ ಅಳತೆ ಅದೇ 24. ಎಡಗಡೆ ತುಟಿಯ ಮೂಲೆ ಒಡೆದಿತ್ತು. ಬಲಗೈ ತೋರುಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಹುಣ್ಣು. ಬೆರಳು ಮಡಚಲೂ ಬಾರದ, ತುದಿಯಲ್ಲಿ ಹುಣ್ಣಾಗುವ ಕೈಗಳಿಗೆ ನಾನು ಬಾಯಿಗೆ ಹಾಕಿ ಎಳೆಯುವ ಕೆಲಸ ಕೊಟ್ಟಿದ್ದೆ. ಕೈಯನ್ನು ನೋಡಲೆಂದೇ ಕಳಿಸಿದ ರೋಗಿಯಲ್ಲಿ ಕೈಯನ್ನೇ ಮರೆತಿದ್ದೆ. ಆ ಹುಣ್ಣು ಮಾಯಲು ಏಳು ವಾರ ಬೇಕಾಯಿತು. ಈಗಲೂ ನೆನೆದರೆ ಸಂಕಟವಾಗುತ್ತದೆ.

ಇನ್ನೊಂದು ಸಂಗತಿ ತಿಳಿದದ್ದು ಮಾತಿಗೆ ಮಾತು ಬೆಳೆದ ಮೇಲೆ. “ಎಷ್ಟು ದಿನಾ ಮಾಡಿದ್ರಿ ಅಕ್ಕಾರ?” ಎಂದೆ. ತಲೆ ತಗ್ಗಿಸಿದರು. “ನಾಕ್ ದಿನಾ ಮಾಡೀನ್ರಿ. ಕನ್ನಡ್ಯಾಗ ನನ್ನ ಮಾರಿ ನಾನ ನೋಡ್ಲಿಕ್ಕೆ ಆಗವಲ್ದು. ಮತ್ತ ನಮ್ಮತ್ತಿ ನೋಡಿ, ಹಿಂಗ್ಯಾಕ ಮಾರಿ ಮಾಡ್ತಿ, ಮಂದಿ ನೋಡಿದ್ರ ಹುಚ್ಚು ಹಿಡದೈತಿ ಅಂತಾರ ಅಂದ್ರು.” ನಾಲ್ಕು ದಿನವಷ್ಟೇ ಮಾಡಿದ್ದಕ್ಕೆ ಕಾರಣ ನೋವಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಐದು ವರ್ಷದಲ್ಲಿ ಬದಲಾದ ಮುಖವನ್ನು ದಿನಕ್ಕೆ ಅರ್ಧ ಗಂಟೆ ನೋಡುತ್ತ ಕೂಡ್ರು ಎಂದು ಹೇಳಿದವಳು ನಾನು.

ಮುಂದಿನ ಭೇಟಿಗೆ ಅತ್ತೆಯನ್ನೂ ಕರೆತರಲು ಹೇಳಿದೆ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ.; ಎಪ್ಪತ್ತು ದಾಟಿದ ಮುದುಕಿ ಬಸ್ಸಿನಲ್ಲಿ ಬಂದರು. ಇದು ಚಟದಿಂದ ಬಂದದ್ದಲ್ಲ ಎಂಬುದನ್ನು ಮೊದಲು ಹೇಳಿದೆ. ಮೈಯ ರಕ್ಷಣಾ ವ್ಯವಸ್ಥೆಯೇ ದಿಕ್ಕು ತಪ್ಪಿ ಸಣ್ಣ ರಕ್ತನಾಳಗಳಿಗೆ ಪೆಟ್ಟು ಕೊಡುತ್ತದೆ. ಚರ್ಮದೊಳಗೆ ಕೊಲಾಜೆನ್ ಎಂಬ ನಾರು ಬೇಕಾದ್ದಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತದೆ ಎಂದೆ. ಅವರು ಸೊಸೆಯ ಗಲ್ಲ ಚಿವುಟಲು ನೋಡಿದರು, ಚರ್ಮ ಕೈಗೆ ಸಿಗಲಿಲ್ಲ. ತುಸು ಹೊತ್ತು ಸುಮ್ಮನಿದ್ದು ಅವರೇ ಅಂದರು: “ಗಂಜಿ ಹೆಚ್ಚು ಕುಡದ ನೂಲಿನಂಗ ಆಗೇತೇನ್ ಹಂಗಾರ? ಅದನ್ನ ಹಸಿ ಮಾಡಿ ಮೆಲ್ಲಕ ಬಿಡಿಸ್ಬೇಕ ಯವ್ವಾ. ಜಗ್ಗಿದ್ರ ಹರೀತೈತಿ.” ನನ್ನ ಹಾಳೆಯಲ್ಲಿ ಇಲ್ಲದ್ದು ಅದೇ. ಮೊದಲು ಬಿಸಿ, ಆಮೇಲೆ ಎಣ್ಣೆ, ಕೊನೆಗೆ ಹಿಗ್ಗಿಸುವುದು.

ಮಗ್ಗದ ಕೋಣೆಯಲ್ಲಿ

ಹೊಸ ಕ್ರಮವನ್ನು ಮೂವರೂ ಕೂತು ಮಾಡಿದೆವು. ಕನ್ನಡಿ ತೆಗೆದುಹಾಕಿದೆವು. ಬೆಳಿಗ್ಗೆ ಹಿಂಡಿದ ಬಿಸಿ ಪಂಚೆಯನ್ನು ಕಣ್ಣ ಕೆಳಗಿನಿಂದ ಗದ್ದದವರೆಗೆ ಐದು ನಿಮಿಷ ಇಡುವುದು ಅತ್ತೆಯ ಕೆಲಸ. ಬಿಸಿ ಎಷ್ಟೆಂಬುದನ್ನು ಅತ್ತೆ ತಮ್ಮ ಮುಂಗೈಗೆ ಮುಟ್ಟಿಸಿ ನೋಡಬೇಕು. ಈ ಚರ್ಮ ಸುಟ್ಟರೆ ಬೇಗ ಮಾಯುವುದಿಲ್ಲ. ಆಮೇಲೆ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಬೆರಳ ತುದಿ ಬಳಸದೆ, ಅಂಗೈಯ ಬುಡದಿಂದ ಗಲ್ಲ, ತುಟಿಯ ಸುತ್ತ, ದವಡೆಯ ಕೀಲಿನ ಬಳಿ ಮೆಲ್ಲಗೆ ಸುತ್ತಿಸುವುದು.

ಹಿಗ್ಗಿಸುವ ವ್ಯಾಯಾಮ ಎಲ್ಲಿ ಮಾಡುವುದು? ಮೂರು ಕೋಣೆಯ ಮನೆಯಲ್ಲಿ ಒಬ್ಬರೇ ಇರುವ ಜಾಗವಿಲ್ಲ. “ರಾಟಿ ಮುಂದ ಕುಂತಾಗ ನನ್ನ ಮಾರಿ ಯಾರೂ ನೋಡಂಗಿಲ್ರಿ” ಎಂದು ಆಕೆಯೇ ಹೇಳಿದರು. ಗಂಡ ಕುಣಿಯಲ್ಲಿ ಇಳಿದು ಬಟ್ಟೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಮಗ್ಗದ ಸಪ್ಪಳದಲ್ಲಿ ಬೇರೆ ಏನೂ ಕೇಳಿಸುವುದಿಲ್ಲ. ಕೈ ಬೇಡದ ವ್ಯಾಯಾಮಗಳನ್ನೆಲ್ಲ ಅಲ್ಲಿಗೆ ಸಾಗಿಸಿದೆವು. ಆದಷ್ಟು ಬಾಯಿ ತೆರೆದು ‘ಆ’ ಎನ್ನುವುದು. ಮೂಲೆಗಳು ಕಿವಿಯ ಕಡೆ ಹೋಗುವ ಹಾಗೆ ‘ಈ’. ತುಟಿ ಮುಂದೆ ಚಾಚಿ ‘ಊ’. ಗಲ್ಲ ಉಬ್ಬಿಸಿ ಗಾಳಿ ಹಿಡಿಯುವುದು. ಕೆಳದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದು. ಒಂದೊಂದನ್ನೂ ಹತ್ತು ಲಾಳಿ ಓಡುವಷ್ಟು ಹೊತ್ತು ಹಿಡಿಯಬೇಕು, ಐದೈದು ಸಲ ಮಾಡಬೇಕು. ಹತ್ತು ಲಾಳಿಗೆ ಎಷ್ಟು ಹೊತ್ತೆಂದು ಗಡಿಯಾರ ಹಿಡಿದು ನೋಡಿ ಫೋನಿನಲ್ಲಿ ಹೇಳಿದವನು ಮಗ: ಹನ್ನೆರಡು ಸೆಕೆಂಡು. ನನಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ.

ಕಡ್ಡಿಯ ವ್ಯಾಯಾಮ ರಾತ್ರಿ, ಊಟಕ್ಕೆ ಮೊದಲು. ಊಟವಾದ ಮೇಲೆ ಬೇಡ ಎಂದೆ. ಈ ರೋಗದಲ್ಲಿ ಅನ್ನನಾಳವೂ ಸಡಿಲವಾಗಿ ಹುಳಿ ಮೇಲಕ್ಕೆ ಬರುತ್ತದೆ, ಆಕೆಗೆ ಎದೆಯುರಿ ಮೊದಲೇ ಇತ್ತು. ಐಸ್‌ಕ್ರೀಮ್ ಕಡ್ಡಿಗಳ ಹೊಸ ಕಟ್ಟು ತರಿಸಿದೆವು. ಹತ್ತು ಕಡ್ಡಿ ಜೋಡಿಸಿ ಅಳೆದರೆ 20 ಮಿ.ಮೀ.; ಅಂದರೆ ಒಂದು ಕಡ್ಡಿಗೆ ಎರಡು. ಅವುಗಳನ್ನು ಜೋಡಿಸಿ ಎರಡೂ ತುದಿಗೆ ನೂಲು ಸುತ್ತಿ, ಒಂದು ಬದಿಯ ಪಕ್ಕದ ಹಲ್ಲುಗಳ ನಡುವೆ ಇಡಬೇಕು, ಆಮೇಲೆ ಇನ್ನೊಂದು ಬದಿ. ಮುಂಬಲ್ಲಿಗೆ ಒತ್ತಡ ಬೀಳಬಾರದು; ಈ ರೋಗದಲ್ಲಿ ಹಲವರಿಗೆ ಹಲ್ಲನ್ನು ಹಿಡಿದಿಡುವ ಪೊರೆ ಅಗಲವಾಗಿರುತ್ತದೆ, ಕೆಲವರಿಗೆ ದವಡೆಯ ಮೂಳೆಯೇ ಸವೆದಿರುತ್ತದೆ. ಎಳೆತ ತಿಳಿಯಬೇಕು, ಆದರೆ ಚುಚ್ಚುವ ನೋವು ಬರಬಾರದು. ಬಾಯಿ ಒಣಗಿರುವುದರಿಂದ ಕಡ್ಡಿಯನ್ನು ನೀರಿನಲ್ಲಿ ಅದ್ದಿ ಇಡಬೇಕು, ವಾರಕ್ಕೊಮ್ಮೆ ಬದಲಿಸಬೇಕು. ಮೊದಲ ರಾತ್ರಿ ಎಂಟು ಕಡ್ಡಿ ಹೋದವು. ಒಂಬತ್ತನೆಯದು ಅರ್ಧ ಹೋಗಿ ನಿಂತಿತು.

ತುಟಿಯ ಮೂಲೆ ಎಳೆಯುವುದನ್ನು ಪೂರ್ತಿ ಬಿಡಲಿಲ್ಲ. ಬೆರಳಿನ ಹುಣ್ಣು ಮಾಯ್ದ ಮೇಲೆ, ಮಗಳು ಕೈ ತೊಳೆದು ತೆಳುವಾದ ಕೈಗವಸು ಹಾಕಿ, ತೋರುಬೆರಳಿಂದ ಒಂದೊಂದೇ ಮೂಲೆಯನ್ನು ಹೊರಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆರನೇ ಇಯತ್ತೆಯ ಹುಡುಗಿ. ಅವಳಿಗೆ ನಾನು ಎರಡು ಸಲ ಮಾಡಿ ತೋರಿಸಿದೆ, ಮೂರನೇ ಸಲ ಅವಳ ಕೈ ನನ್ನದಕ್ಕಿಂತ ಹಗುರವಾಗಿತ್ತು.

ಹನ್ನೆರಡು ವಾರಕ್ಕೆ 31 ಮಿ.ಮೀ. ಕಡ್ಡಿ ಹನ್ನೊಂದು.

ಬಿಟ್ಟದ್ದು, ಮತ್ತೆ ಹಿಡಿದದ್ದು

ಮೇ ತಿಂಗಳಲ್ಲಿ ಮನೆತನದಲ್ಲಿ ಎರಡು ಮದುವೆ. ಮಗ್ಗ ನಿಂತಿತು, ಅದರ ಜೊತೆ ವ್ಯಾಯಾಮವೂ ನಿಂತಿತು. ಜೂನ್ ಕೊನೆಗೆ ಬಂದಾಗ 27. ಆಕೆ ನನ್ನ ಮುಂದೆ ಅತ್ತರು. ನಾನು ಬೈಯಲಿಲ್ಲ, ಬೈಯುವುದಕ್ಕೆ ಏನೂ ಇರಲಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲೂ ಹೀಗೇ ಆಗಿತ್ತು: ವ್ಯಾಯಾಮದ ಗುಂಪಿನವರ ಬಾಯಿ ಮೂರು ತಿಂಗಳಿಗೆ ಹೆಚ್ಚು ತೆರೆದಿತ್ತು, ಆರು ತಿಂಗಳಿಗೆ ಆ ವ್ಯತ್ಯಾಸ ಉಳಿದಿರಲಿಲ್ಲ, ಬಿಡದೆ ಮಾಡಿದವರೂ ಕಡಿಮೆ. ಈ ಚರ್ಮಕ್ಕೆ ದಿನವೂ ಎಳೆತ ಬೇಕು. ಅದನ್ನು ಮೊದಲ ದಿನವೇ ಹೇಳಬೇಕು, ಔಷಧದ ಕೋರ್ಸಿನಂತೆ ಮುಗಿಯುವ ಕೆಲಸ ಇದಲ್ಲ ಎಂದು. ನಾನು ಹೇಳಿರಲಿಲ್ಲ.

ಹಾಗಾಗಿ ಎರಡನೇ ಸಲ ಕಡಿಮೆ ಕೇಳಿದೆ. ಪೂರ್ತಿ ಕ್ರಮ ವಾರಕ್ಕೆ ಐದು ದಿನ. ಉಳಿದ ದಿನ, ಊರಿಗೆ ಹೋದಾಗ, ಹಬ್ಬದಲ್ಲಿ, ಕಡ್ಡಿಯ ಕಟ್ಟು ಮಾತ್ರ: ಒಂದು ಬದಿಗೆ ಎರಡು ನಿಮಿಷ, ಇನ್ನೊಂದು ಬದಿಗೆ ಎರಡು. ಕಟ್ಟು ಚೀಲದಲ್ಲೇ ಇರಬೇಕು. ಮಗ್ಗ ನಿಂತ ದಿನ ಎಣಿಕೆಗೆ ಏನು ಮಾಡುವುದೆಂದು ಕೇಳಿದರು. ಮಗ ತಂದೆಯ ಮಗ್ಗದ ಸಪ್ಪಳವನ್ನು ಮೊಬೈಲಿನಲ್ಲಿ ಹಿಡಿದುಕೊಟ್ಟ.

ಪಂಚಮಿಯ ಮರುದಿನ ಫೋನ್ ಬಂತು. “ಮೇಡಂರ, ಶೇಂಗಾ ಉಂಡಿ ಕಡದ್ ತಿಂದೆ. ಪುಡಿ ಮಾಡ್ಲಿಲ್ಲ.” ಹಿಂದಿನ ಎರಡು ಪಂಚಮಿಗೆ ಉಂಡಿಯನ್ನು ಬಟ್ಟಲಲ್ಲಿ ಪುಡಿ ಮಾಡಿ ಚಮಚೆಯಿಂದ ತಿಂದಿದ್ದರು. ಆ ವಾರ ಅಳತೆ 30.

ಸೆಪ್ಟೆಂಬರಿನಲ್ಲಿ ಬೇರೆ ದಂತವೈದ್ಯರೊಬ್ಬರು, ಮಕ್ಕಳಿಗೆ ಬಳಸುವ ಸಣ್ಣ ಕನ್ನಡಿ, ಸಣ್ಣ ಸಲಕರಣೆ ಹಿಡಿದು, ಎರಡು ಚಿಕ್ಕ ಸರದಿಯಲ್ಲಿ, ನಡುನಡುವೆ ಬಾಯಿ ಮುಚ್ಚಿ ವಿಶ್ರಾಂತಿ ಕೊಡುತ್ತ, ಎರಡು ವರ್ಷದಿಂದ ನೋಯುತ್ತಿದ್ದ ಕೆಳಗಿನ ದವಡೆಹಲ್ಲನ್ನು ಕಿತ್ತರು. ಅದಕ್ಕೂ ಮೊದಲು ಅರ್ಧ ಗಂಟೆ ಬಿಸಿ, ಎಣ್ಣೆ, ಕಡ್ಡಿ ಮಾಡಿಸಿ ಕಳಿಸಿದ್ದೆ. ಬಾಯಿ ಒಣಗುವವರ ಹಲ್ಲು ಬೇಗ ಹುಳುಕಾಗುತ್ತದೆ, ತೆರೆಯದ ಬಾಯಲ್ಲಿ ಬ್ರಷ್ ಹಿಂದಿನವರೆಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಕೆಲವು ಮಿಲಿಮೀಟರುಗಳ ದೊಡ್ಡ ಉಪಯೋಗ ಇದೇ: ಈಗ ಮಕ್ಕಳ ಬ್ರಷ್ ಕೊನೆಯ ಹಲ್ಲಿನವರೆಗೆ ತಲುಪುತ್ತದೆ.

ಒಬ್ಬರ ಪ್ರಕರಣ ಇದು. ಮೈಕೋಫಿನೋಲೇಟ್ ಕೂಡ ನಡೆದಿತ್ತು, ಅದು ಚರ್ಮವನ್ನು ತುಸು ಸಡಿಲಿಸಿರಬಹುದು. ಔಷಧ ಬದಲಾಗದೆ, ವ್ಯಾಯಾಮ ನಿಂತಾಗ ಇಳಿದದ್ದು ಮತ್ತೆ ಹಿಡಿದಾಗ ಏರಿದ್ದು ನೋಡಿದರೆ ವ್ಯಾಯಾಮದ ಪಾಲು ಇದೆ ಎಂದು ನಂಬುತ್ತೇನೆ. ಪ್ರಶ್ನಾವಳಿಯ ಅಂಕ 31ರಿಂದ 20ಕ್ಕೆ ಇಳಿಯಿತು. ಬಾಯಿ ಒಣಗುವ ಪ್ರಶ್ನೆಗಳಲ್ಲಿ ಏನೂ ಬದಲಾಗಲಿಲ್ಲ, ಅದು ವ್ಯಾಯಾಮಕ್ಕೆ ಬಗ್ಗುವ ತೊಂದರೆಯಲ್ಲ.

ಇಂಥದೇ ತೊಂದರೆ ಇರುವವರು ಓದುತ್ತಿದ್ದರೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಬೇಕು. ಹೊಸದಾಗಿ ಉಸಿರುಗಟ್ಟುವುದು, ಒಣಕೆಮ್ಮು, ಬೆರಳ ತುದಿ ಕಪ್ಪಾಗುವುದು, ಇದ್ದಕ್ಕಿದ್ದಂತೆ ರಕ್ತದೊತ್ತಡ ಏರಿ ತಲೆನೋವು ಬರುವುದು ಕಂಡರೆ ವ್ಯಾಯಾಮದ ವಿಚಾರ ಬದಿಗಿಟ್ಟು ಅಂದೇ ವೈದ್ಯರ ಬಳಿ ಹೋಗಿ. ಮೈಕೈ ನೋವಿಗೆಂದು ಕಂಡಕಂಡಲ್ಲಿ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳಬೇಡಿ. ಈ ರೋಗದಲ್ಲಿ ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ಕಿಡ್ನಿಯನ್ನು ಅಪಾಯಕ್ಕೆ ಒಡ್ಡುತ್ತದೆ.

ಕಳೆದ ವಾರ ಆಕೆ ಬಂದಿದ್ದರು. 32 ಮಿ.ಮೀ. ಕೆಂಪು ನೂಲು ಸುತ್ತಿದ ಹನ್ನೊಂದು ಕಡ್ಡಿಯ ಕಟ್ಟು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. “ಹನ್ನೆರಡನೇದು ಇನ್ನೂ ಹೋಗವಲ್ದ್ರಿ” ಎಂದರು. ಗದಗಿನಲ್ಲಿ ಬೆಳಗಿನ ಗಾಳಿ ಆಗಲೇ ತಣ್ಣಗಾಗಿದೆ, ಬೆರಳು ಮತ್ತೆ ಬಿಳಚಿಕೊಳ್ಳುತ್ತಿವೆ. ಕೈಗೆ ಉಣ್ಣೆಯ ಚೀಲ ಹೊಲಿಯಲು ಅತ್ತೆ ಹಳೆಯ ಸ್ವೆಟರ್ ಬಿಚ್ಚುತ್ತಿದ್ದಾರಂತೆ. ದೀಪಾವಳಿ ಕಳೆದ ಮೇಲಿನ ಸೋಮವಾರಕ್ಕೆ ಮುಂದಿನ ತಾರೀಖು ಬರೆದುಕೊಟ್ಟೆ.